ಅಮೇರಿಕಾದ ಸ್ಮೂತ್ ಜಾಝ್ ರೇಡಿಯೋ ಸ್ಟೇಷನ್‌ಗಳೆಲ್ಲ ಒಟ್ಟೊಟ್ಟಿಗೇ ಯಾಕೆ ಮುಚ್ಚಿದ್ವು?

ಹಳೇ_ಫ್ರೀಮಾಂಟ್

ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ ಇದು, ಇಲ್ಲಿ ಸಂಗೀತ ಬಲ್ಲೋರೂ ಇದೀರ, ಅಮೇರಿಕಾದಲ್ಲಿ ಇದ್ದು ಬಂದೋರೂ ಇದೀರ, ಯಾರಿಗಾದ್ರೂ ಗೊತ್ತಿರಬಹುದು ಅಂತ ಕೇಳ್ತಿದೀನಿ.

ನಾನು 2001ರಿಂದ 2007ರ ತನಕ ಕ್ಯಾಲಿಫೋರ್ನಿಯಾದಲ್ಲಿದ್ದೆ. ಮನೆ ಫ್ರೀಮಾಂಟಲ್ಲಿ, ಆಫೀಸು ಕೊಲ್ಲಿ ಆಚೆ ದಡದಲ್ಲಿ, ದಿನಾ ಬೆಳಿಗ್ಗೆ ಡಂಬಾರ್ಟನ್ ಸೇತುವೆ ದಾಟ್ಬೇಕು. ಆರೂವರೆ ಹೊತ್ತಿಗೆ ಹೊರಟ್ರೆ ಸೇತುವೆ ಎರಡೂ ಕಡೆ ಉಪ್ಪಿನಾಗರ, ಅದರ ಮೇಲೆ ತೆಳ್ಳಗೆ ಮಂಜು, ಅಲ್ಲಲ್ಲಿ ಬೆಳ್ಳಕ್ಕಿ ನಿಂತಿರ್ತಿದ್ವು, ನನಗೆ ಗೋಕರ್ಣದ ಹತ್ರದ ಸಾಣಿಕಟ್ಟಾ ನೆನಪಾಗೋದು. ಕಾರಲ್ಲಿ ರೇಡಿಯೋ, 103.7, ಕೆಕೆಎಸ್ಎಫ್ ಅನ್ನೋ ಸ್ಮೂತ್ ಜಾಝ್ ಸ್ಟೇಷನ್ನು, ಅಂದ್ರೆ ಮೆತ್ತಗೆ ಹಿತವಾಗಿ ಕೇಳೋ ಥರದ ಜಾಝ್. ಸ್ಯಾಕ್ಸಫೋನು, ಗಿಟಾರು, ಆಗೊಮ್ಮೆ ಈಗೊಮ್ಮೆ ಶಾಡೆ ಅಥವಾ ಅನಿಟಾ ಬೇಕರ್ ದನಿ. ಜಾಝ್ ಅಂದ್ರೇನು ಅಂತ ನನಗೆ ಆಗ ಏನೇನೂ ಗೊತ್ತಿರ್ಲಿಲ್ಲ, ಊರು ಬಿಟ್ಟು ಬಂದು ಒಂದು ವರ್ಷ ಆಗಿತ್ತು, ಕೆಲ್ಸದಲ್ಲಿ ಯಾವಾಗ ಯಾರನ್ನ ತೆಗೀತಾರೋ ಅನ್ನೋ ಭಯ ಬೇರೆ, ಆ ಸೇತುವೆ ಮೇಲಿನ ಇಪ್ಪತ್ತು ನಿಮಿಷ ಮಾತ್ರ ಎದೆ ಹಗುರ ಆಗೋದು. ಆ ಸ್ಟೇಷನ್ನೋರು ವರ್ಷವರ್ಷ ಏಡ್ಸ್ ಪರಿಹಾರಕ್ಕೆ ಅಂತ ಒಂದು ಸ್ಯಾಂಪ್ಲರ್ ಸಿಡಿ ತರ್ತಿದ್ರು, ಅದರಲ್ಲಿ ಒಂದನ್ನ ಕೊಂಡಿದ್ದೆ, ಈಗ್ಲೂ ಬೀರುನಲ್ಲಿದೆ.

ಈಚೆಗೆ ಮಗಳ ಗ್ರ್ಯಾಜುಯೇಷನ್‌ಗೆ ಅಂತ ಮತ್ತೆ ಹೋಗಿದ್ವಿ. ಬಾಡಿಗೆ ಕಾರು ಹತ್ತಿದ ತಕ್ಷಣ ಕೈ ತಾನಾಗೇ 103.7ಕ್ಕೆ ಹೋಯ್ತು, ಬೇರೇನೋ ಪಾಪ್ ಹಾಡು. ಹುಡುಕಿ ನೋಡಿದ್ರೆ ಆ ಸ್ಟೇಷನ್ನು 2009ರಲ್ಲೇ ಬದಲಾಗಿದೆಯಂತೆ. ಅದೊಂದೇ ಅಲ್ಲ, ನ್ಯೂಯಾರ್ಕಿನ ಸಿಡಿ 101.9, ಶಿಕಾಗೋದ 95.5, ಫಿಲಡೆಲ್ಫಿಯಾ, ವಾಷಿಂಗ್ಟನ್, ಡೆಟ್ರಾಯ್ಟ್, ಎಲ್ಲಾ ಹೆಚ್ಚುಕಡಿಮೆ 2006ರಿಂದ 2009ರ ಒಳಗೆ ಹೋಗಿವೆ.

ನನಗೆ ಅರ್ಥ ಆಗದೇ ಇರೋದು ಇಷ್ಟೇ. ನಮ್ಮ ಆಫೀಸಿನ ರಿಸೆಪ್ಷನಲ್ಲಿ ಅದೇ ಇರ್ತಿತ್ತು, ಹಲ್ಲಿನ ಡಾಕ್ಟರ ಹತ್ರ ಹೋದ್ರೆ ಅದೇ, ಕ್ಷೌರಕ್ಕೆ ಹೋದ್ರೂ ಅದೇ. ಅಷ್ಟು ಜನ ಕೇಳ್ತಿದ್ದ ಸಂಗೀತ ಮೂರು ವರ್ಷದಲ್ಲಿ ಕೇಳೋರೇ ಇಲ್ದಂಗೆ ಹೆಂಗಾಗುತ್ತೆ?

---

ಮೀಡಿಯಾಪ್ಲಾನರ್_ಸುಮಾ

ಸರ್, ನಾನು ನ್ಯೂಜೆರ್ಸಿಯಲ್ಲಿ ಒಂದು ಜಾಹೀರಾತು ಏಜೆನ್ಸಿಗೆ ಕೆಲ್ಸ ಮಾಡ್ತಿದ್ದೆ, ಯಾವ ಸ್ಟೇಷನ್ನಿಗೆ ಎಷ್ಟು ದುಡ್ಡಿನ ಸ್ಪಾಟ್ ಕೊಡೋದು ಅಂತ ಲೆಕ್ಕ ಹಾಕೋ ಕೆಲ್ಸ, ಹಾಗಾಗಿ ಇದನ್ನ ಹತ್ರದಿಂದ ನೋಡಿದೀನಿ. ಕೇಳೋರು ಹೋಗ್ಲಿಲ್ಲ ಸರ್. ಕೇಳೋರನ್ನ ಎಣಿಸೋ ರೀತಿ ಬದಲಾಯ್ತು.

ಮೊದ್ಲು ರೇಡಿಯೋ ಕೇಳೋರನ್ನ ಎಣಿಸೋ ಆರ್ಬಿಟ್ರಾನ್ ಅನ್ನೋ ಕಂಪನಿ ಆಯ್ದ ಕೆಲವು ಮನೆಗಳಿಗೆ ಡೈರಿ ಕಳಿಸೋದು. ಅಂಗೈಯಷ್ಟು ಪುಸ್ತಕ, ಜೊತೆಗೆ ಥ್ಯಾಂಕ್ಸ್ ಅಂತ ಒಂದೆರಡು ಡಾಲರ್ ನೋಟು. ಗುರುವಾರದಿಂದ ಮುಂದಿನ ಬುಧವಾರದ ತನಕ ನೀವು ಯಾವ ಸ್ಟೇಷನ್ ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನಕ ಕೇಳಿದ್ರಿ ಅಂತ ಬರ್ದು ವಾಪಸ್ ಪೋಸ್ಟ್ ಮಾಡ್ಬೇಕು. ಈಗ ಯೋಚ್ನೆ ಮಾಡಿ, ಒಬ್ಬ ಅಕೌಂಟೆಂಟ್ ಹೆಂಗಸು ಟೇಬಲ್ ಮೇಲೆ ಸಣ್ಣ ರೇಡಿಯೋ ಇಟ್ಕೊಂಡು ಮೆಲ್ಲಗೆ ಸ್ಮೂತ್ ಜಾಝ್ ಹಾಕಿರ್ತಾರೆ. ಮಧ್ಯೆ ಮೀಟಿಂಗು, ಊಟ, ಫೋನು ಎಲ್ಲಾ ಆಗಿರುತ್ತೆ, ಆದ್ರೆ ವಾರದ ಕೊನೇಲಿ ಡೈರಿ ಬರೆಯೋವಾಗ ಆಯಮ್ಮ ಏನ್ ಬರೀತಾರೆ? ಬೆಳಿಗ್ಗೆ 9ರಿಂದ ಸಂಜೆ 5, ಮೇಲಿಂದ ಕೆಳಗೆ ಉದ್ದಕ್ಕೆ ಒಂದು ಗೆರೆ. ಆ ಗೆರೆ ಮೇಲೇನೇ ಈ ಇಡೀ ಫಾರ್ಮ್ಯಾಟು, ಅಂದ್ರೆ ಈ ಥರದ ಸ್ಟೇಷನ್ನೆಲ್ಲ, ನಿಂತಿತ್ತು. ಸ್ಮೂತ್ ಜಾಝ್‌ಗೆ ಕೇಳುಗರ ಸಂಖ್ಯೆ ಯಾವತ್ತೂ ವಿಪರೀತ ಅಲ್ಲ, ಆದ್ರೆ ಕೇಳೋರು ಗಂಟೆಗಟ್ಟಲೆ ಕೇಳ್ತಾರೆ ಅನ್ನೋದೇ ಅದರ ಬಂಡವಾಳ.

2007ರಲ್ಲಿ ಫಿಲಡೆಲ್ಫಿಯಾ ಮತ್ತೆ ಹ್ಯೂಸ್ಟನ್‌ಗೆ ಪಿಪಿಎಂ ಬಂತು, ಪೋರ್ಟಬಲ್ ಪೀಪಲ್ ಮೀಟರ್. ಹಳೇ ಪೇಜರ್ ನೆನಪಿದ್ರೆ ಅಷ್ಟೇ ಗಾತ್ರ, ಸೊಂಟಕ್ಕೆ ಸಿಕ್ಕಿಸ್ಕೋಬೇಕು, ರಾತ್ರಿ ಅದರ ಸ್ಟ್ಯಾಂಡಲ್ಲಿ ಇಡ್ಬೇಕು. ಪ್ರತಿ ಸ್ಟೇಷನ್ನು ತನ್ನ ಪ್ರಸಾರದ ಒಳಗೇ ಕಿವಿಗೆ ಕೇಳಿಸದ ಒಂದು ಕೋಡ್ ಸೇರಿಸಿ ಬಿಡುತ್ತೆ, ಮೀಟರು ಆ ಕೋಡನ್ನ ಹಿಡಿಯುತ್ತೆ. ಹಿಡಿದ್ರೆ ಲೆಕ್ಕ, ಇಲ್ಲಾಂದ್ರೆ ಇಲ್ಲ. ಕಾಲು ಗಂಟೆಯಲ್ಲಿ ಕನಿಷ್ಠ ಐದು ನಿಮಿಷ ಸಿಕ್ಕಿದ್ರೆ ಆ ಕಾಲು ಗಂಟೆ ನಿಮ್ಮದು. ಹೀಗೆ ಎಣಿಸೋಕೆ ಶುರು ಮಾಡಿದ ತಕ್ಷಣ 9ರಿಂದ 5 ಅನ್ನೋ ಗೆರೆ ಚೂರು ಚೂರಾಯ್ತು. ಮೀಟರು ಪಕ್ಕದ ಅಂಗಡಿಯ ರೇಡಿಯೋನೂ ಎಣಿಸುತ್ತೆ, ಟ್ಯಾಕ್ಸಿಯದ್ದೂ ಎಣಿಸುತ್ತೆ, ಹಾಗಾಗಿ ಹಿಟ್ ಹಾಡು ಹಾಕೋ ದೊಡ್ಡ ಸ್ಟೇಷನ್‌ಗಳಿಗೆಲ್ಲ ಲಾಭ ಆಯ್ತು, ಕಮ್ಮಿ ಜನ ತುಂಬಾ ಹೊತ್ತು ಕೇಳೋ ಸ್ಟೇಷನ್‌ಗಳಿಗೆ ಹೊಡ್ತ ಬಿತ್ತು.

ಇನ್ನೊಂದು ವಾದವೂ ಇತ್ತು. ಆ ಕೋಡು ಸಂಗೀತದ ಸದ್ದಿನ ಮರೆಯಲ್ಲೇ ಅಡಗಿಕೊಳ್ಳಬೇಕು, ಸದ್ದು ಜೋರಾಗಿ ತುಂಬಿಕೊಂಡಿದ್ರೆ ಅದಕ್ಕೆ ಜಾಗ ಜಾಸ್ತಿ. ಮೆತ್ತನೆಯ ಸಂಗೀತ, ಅದೂ ಸಣ್ಣ ವಾಲ್ಯೂಮಲ್ಲಿ, ನಡುನಡುವೆ ಮೌನ ಇರೋ ಸಂಗೀತದಲ್ಲಿ ಕೋಡು ಸರಿಯಾಗಿ ಕೂರಲ್ಲ, ಕೂತ್ರೂ ಮೀಟರಿಗೆ ಸಿಗಲ್ಲ ಅಂತ ರೇಡಿಯೋ ಇಂಜಿನಿಯರುಗಳೇ ಹೇಳ್ತಿದ್ರು. ಅಂದ್ರೆ ಈ ಸಂಗೀತದ ಗುಣ ಏನಿತ್ತೋ ಅದೇ ಅದರ ಕತ್ತಿಗೆ ಬಂತು. ಇದನ್ನ ಬರೆಯೋವಾಗ್ಲೂ ನನಗೆ ಸಂಕಟ ಆಗುತ್ತೆ.

ಮೀಟರು ಹಂಚೋದರಲ್ಲಿ ಕಪ್ಪು ಜನಾಂಗದವರು, ಲ್ಯಾಟಿನೋಗಳು ಕಮ್ಮಿ ಬಿದ್ದಿದಾರೆ ಅಂತ 2008ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಆರ್ಬಿಟ್ರಾನ್ ಮೇಲೆ ಕೇಸೇ ಹಾಕಿದ್ರು, 2009ರ ಜನವರಿಯಲ್ಲಿ ರಾಜಿ ಆಯ್ತು. ಸ್ಮೂತ್ ಜಾಝ್ ಕೇಳುಗರಲ್ಲಿ ಆಫ್ರಿಕನ್ ಅಮೇರಿಕನ್ನರು ದೊಡ್ಡ ಪಾಲು, ಹಾಗಾಗಿ ಆ ಜಗಳ ಈ ಸ್ಟೇಷನ್‌ಗಳಿಗೂ ಸಂಬಂಧಪಟ್ಟಿದ್ದೇ. ಆದ್ರೆ ಅಷ್ಟೊತ್ತಿಗೆ ಸಿಡಿ 101.9 ಹೋಗಿ ಆಗಿತ್ತು, 2008ರ ಫೆಬ್ರವರಿ 5ಕ್ಕೆ ಅದು ರಾಕ್ ಸ್ಟೇಷನ್ ಆಯ್ತು.

ವಯಸ್ಸಿನ ವಿಷ್ಯ ಬೇರೆ. ಏಜೆನ್ಸಿಗಳು ಕೊಳ್ಳೋದು 25ರಿಂದ 54 ವಯಸ್ಸಿನೋರನ್ನ. 1987ರಲ್ಲಿ 35 ಇದ್ದ ಕೇಳುಗನಿಗೆ 2007ರಲ್ಲಿ 55. ಅವನ ಹತ್ರ ಮನೆ ಇದೆ, ದುಡ್ಡಿದೆ, ಕಾರು ಕೊಳ್ತಾನೆ, ಆದ್ರೂ ನಮ್ಮ ಸ್ಪ್ರೆಡ್‌ಶೀಟಲ್ಲಿ ಅವನಿಗೆ ಕಾಲಮ್ಮೇ ಇಲ್ಲ. ನಾನೇ ಎಷ್ಟೋ ಸಲ ಆ ಶೀಟು ಮಾಡಿದೀನಿ.

---

ಧಾರವಾಡದಾಂವ

ಸುಮಾ ಅವರು ಛಲೋ ಬರದಾರ, ಮೀಟರಿನ ಮಾತು ಖರೇನ ಐತಿ. ಆದ್ರ ನನಗ ಅನಸೂದು ಏನಂದ್ರ ಮೀಟರು ಬರೂದಕ್ಕಿಂತ ಮೊದ್ಲನ ಈ ಸಂಗೀತದ ಜೀವಾ ಅರ್ಧ ಹೋಗಿತ್ತು ನೋಡ್ರಿ. ನಾ ಗಿಟಾರ್ ಬಾರಸಾಂವ, ಡಲ್ಲಾಸಿನ್ಯಾಗ ಹನ್ನೊಂದು ವರ್ಷ ಇದ್ದೆ, ಅಲ್ಲಿ 107.5 ದಿ ಓಯಸಿಸ್ ಅಂತ ಇತ್ತು, 2006ಕ್ಕ ಅದೂ ಹೋತು.

ಶುರುವಾತು ಹೆಂಗಿತ್ತು ಅಂತ ಕೇಳ್ರಿ. 1987ರ ಫೆಬ್ರವರಿ 14, ಲಾಸ್ ಏಂಜಲಿಸಿನ್ಯಾಗ ಕೆಎಂಇಟಿ ಅನ್ನೂ ನಾಮಾಂಕಿತ ರಾಕ್ ಸ್ಟೇಷನ್ ತಗದು ಕೆಟಿಡಬ್ಲ್ಯೂವಿ, ದಿ ವೇವ್ ಅಂತ ಮಾಡಿದ್ರು. ಮೊದಮೊದಲು ಅದರಾಗ ಮಾತಾಡಾವ್ರ ಇರಲಿಲ್ಲ, ಡಿಜೆನೇ ಇಲ್ಲ! ನ್ಯೂ ಏಜ್, ಫ್ಯೂಶನ್, ಬ್ರೆಜಿಲ್ ಸಂಗೀತ, ಏನೇನೋ ಕೂಡಸಿ ಹಾಕ್ತಿದ್ರು, ಮುಂದ ಏನ್ ಬರತೈತಿ ಅಂತ ಕೇಳಾಂವಗೂ ಗೊತ್ತಿರ್ತಿರಲಿಲ್ಲ. ಅದ ವರ್ಷನ ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ ಕಡೆನೂ ಶುರು ಆತು. ಆ ಹೊತ್ತಿನ್ಯಾಗ ಇದು ಖರೇನ ಹೊಸಾದಿತ್ತು.

ಆಮ್ಯಾಲೆ ರಿಸರ್ಚ್ ಕಂಪನಿ ಬಂತು. ದಿ ವೇವ್ ಕಟ್ಟಿದ ಫ್ರ್ಯಾಂಕ್ ಕೋಡಿನೇ ಮುಂದ ಬ್ರಾಡ್‌ಕಾಸ್ಟ್ ಆರ್ಕಿಟೆಕ್ಚರ್ ಅನ್ನೂ ಕನ್ಸಲ್ಟಿಂಗ್ ಕಂಪನಿ ತಗದ್ರು. ಸ್ಮೂತ್ ಜಾಝ್ ಅನ್ನೂ ಹೆಸರು ಬಂದಿದ್ದೂ ಫೋಕಸ್ ಗ್ರೂಪಿನ್ಯಾಗ ಕುಂತಿದ್ದ ಒಬ್ಬ ಕೇಳುಗರ ಬಾಯಿಂದ, ಯಾವ ಸಂಗೀತಗಾರನೂ ಇಟ್ಟ ಹೆಸರಲ್ಲ ಅದು. ಒಂದು ಹಾಲಿನ್ಯಾಗ ಮಂದಿ ಕುಂದರಸೂದು, ಕೈಯಾಗ ತಿರುಗಿಸೂ ಗುಂಡಿ ಕೊಡೂದು, ಹಾಡಿನ ತುಣುಕು ಕೇಳಸೂದು. ಸೇರಿದ್ರ ಮ್ಯಾಲೆ ತಿರಗಸ್ರಿ, ಸೇರಲಿಲ್ಲಂದ್ರ ಕೆಳಗ. ಯಾವ ಹಾಡಿಗೆ ಗುಂಡಿ ಕೆಳಗ ಹೋತೋ ಅದು ಲಿಸ್ಟಿನಿಂದ ಔಟ್.

ಈಗ ನೀವ ಹೇಳ್ರಿ, ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಹತ್ತು ಸೆಕೆಂಡ್ ಕೇಳಿಸಿ ಮಾರ್ಕ್ಸ್ ಹಾಕ್ರಿ ಅಂದ್ರ ಹೆಂಗ? ಯಾವ ವಾದ್ಯ ಸಂಗೀತ ಆದ್ರೂ ಅದಕ್ಕ ಕೂಡ್ರಾಕ ಹೊತ್ತು ಬೇಕು. ತುಣುಕಿನ ಪರೀಕ್ಷಾದಾಗ ಪಾಸ್ ಆಗೂದು ಕೇಳಿದ ಕೂಡ್ಲೆ ಹಿತ ಆಗುವಂಥಾದ್ದು, ಇಲ್ಲಾ ಮೊದ್ಲ ಗೊತ್ತಿದ್ದ ಹಾಡು. ಹಿಂಗಾಗಿ ಏನಾತು, ಕಲಾವಿದರ ಮ್ಯಾಲೆ ಒತ್ತಡ ಬಂತು, ರೇಡಿಯೋಕ್ಕ ಬೇಕಂದ್ರ ಹಳೇ ಪಾಪ್ ಹಾಡಿನ ಕವರ್ ಮಾಡ್ರಿ, ಸೋಲೋ ಸಣ್ಣದು ಮಾಡ್ರಿ, ಡ್ರಮ್ ಗಟ್ಟಿ ಹೊಡೀಬ್ಯಾಡ್ರಿ. ಗಿಟಾರಿನ ಜಾರ್ಜ್ ಬೆನ್ಸನ್ 1976ರಾಗ ಮಾಡಿದ ಬ್ರೀಝಿನ್ ಆಲ್ಬಮ್ ಕೇಳ್ರಿ, ಸ್ಯಾಕ್ಸಫೋನಿನ ಗ್ರೋವರ್ ವಾಷಿಂಗ್ಟನ್ ಜೂನಿಯರ್ 1980ರಾಗ ಮಾಡಿದ ವೈನ್‌ಲೈಟ್ ಕೇಳ್ರಿ, ಅಲ್ಲಿ ಉಸಿರು ಐತಿ, ಬೆವರು ಐತಿ, ಕೂಡಿ ಬಾರಸಾವ್ರ ನಡುವಿನ ಮಾತುಕತಿ ಐತಿ. 2005ರ ಹೊತ್ತಿಗೆ ರೇಡಿಯೋದಾಗ ಬರ್ತಿದ್ದ ಹೊಸಾ ಹಾಡಿನ್ಯಾಗ ಎಷ್ಟರಾಗ ಅದು ಇತ್ತು? ನಾ ಓಯಸಿಸ್ ದಿನಾ ಕೇಳ್ತಿದ್ದೆ, ಕಡೀ ಎರಡು ವರ್ಷ ಮುಂದ ಯಾವ ಹಾಡು ಬರತೈತಿ ಅಂತ ನಾ ಹೇಳಬಹುದಿತ್ತು. ಒಂದು ಮುಂಜಾನಿ ಹೋಗೂವಾಗ ಕೇಳಿದ ನಾಕು ಹಾಡಿನ್ಯಾಗ ಮೂರು ಸಂಜಿಮುಂದ ಬರೂವಾಗ ಮತ್ತ ಬಂದ್ವು, ಅವತ್ತು ರೇಡಿಯೋ ಬಂದ್ ಮಾಡಿ ಭೀಮಸೇನ ಜೋಶಿ ಅವರ ಸಿಡಿ ಹಾಕೊಂಡೆ, ಆ ಸ್ಟೇಷನ್ನಿಗೆ ಮತ್ತ ಹೊಳ್ಳಿ ಹೋಗಲಿಲ್ಲ.

ಸ್ಯಾಕ್ಸಫೋನ್ ಬಾರಸೂ ಕೆನ್ನಿ ಜಿ ಮ್ಯಾಲೆ ಎಲ್ಲಾರೂ ಬಡೀತಾರ, ನಾ ಬಡಿಯೂದಿಲ್ಲ. 1992ರ ಬ್ರೆತ್‌ಲೆಸ್ ಅಮೇರಿಕಾ ಒಂದರಾಗನ 1 ಕೋಟಿ 20 ಲಕ್ಷ ಹೋತು, ಮಂದಿಗೆ ಬೇಕಾಗಿತ್ತು, ತಗೊಂಡ್ರು. ತಪ್ಪಾಗಿದ್ದು ಎಲ್ಲಾರೂ ಹಂಗ ಬಾರಸಬೇಕು ಅಂತ ರೇಡಿಯೋದವ್ರು ಕುಂತಿದ್ದು.

---

ಶಿಕಾಗೋ_ನಾಗರತ್ನ

ಡಬ್ಲ್ಯೂಎನ್‌ಯುಎ 95.5ರ ಬಗ್ಗೆ ನಾನು ಹೇಳ್ಲೇಬೇಕು. ನಮ್ಮೋರು ಮೂರು ಪಾಳಿ ಕೆಲ್ಸ ಮಾಡ್ತಿದ್ದ ಕಾಲ, ನಾನು ಆಸ್ಪತ್ರೆ ಲ್ಯಾಬಲ್ಲಿ, ಮಕ್ಕಳು ಸಣ್ಣೋರು. ಬೆಳಿಗ್ಗೆ ರ‍್ಯಾಮ್ಸೀ ಲೂಯಿಸ್ ಮಾತಾಡೋರು ಆ ಸ್ಟೇಷನಲ್ಲಿ. ಅಷ್ಟು ದೊಡ್ಡ ಪಿಯಾನೋ ವಾದಕ, ಶಿಕಾಗೋದಲ್ಲೇ ಹುಟ್ಟಿ ಬೆಳೆದೋರು, ನಮ್ಮಂಥೋರ ಅಡುಗೆಮನೇಲಿ ಬೆಳಿಗ್ಗೆ ಬಂದು ಮಾತಾಡಿಸಿದಂಗೆ ಇರೋದು. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಧಾರವಾಡದೋರು ಹೇಳೋ ಪ್ಲೇಲಿಸ್ಟ್ ಮಾತು ನಿಜ ಇರಬಹುದು, ಆದ್ರೆ ಸ್ಟೇಷನ್ ಅಂದ್ರೆ ಬರೀ ಪ್ಲೇಲಿಸ್ಟ್ ಅಲ್ಲ. ನನ್ನ ಜೊತೆ ಲ್ಯಾಬಲ್ಲಿದ್ದ, ಊರಿನ ಕಪ್ಪು ಜನ ಹೆಚ್ಚಿರೋ ಸೌತ್ ಸೈಡಿನ ಹೆಂಗಸ್ರು ಎಲ್ಲಾ ಅದನ್ನೇ ಕೇಳೋರು, ನಾನು ಅವರ ಜೊತೆ ಮೊದಲು ಮಾತಾಡಿದ್ದೇ ಲೂಥರ್ ವ್ಯಾಂಡ್ರಾಸ್ ಹಾಡಿನ ಬಗ್ಗೆ, ಆಮೇಲೆ ಅವರೇ ನನ್ನ ಹೆರಿಗೆ ಟೈಮಲ್ಲಿ ಊಟ ತಂದ್ಕೊಟ್ರು.

2009ರ ಮೇ 22, ಶುಕ್ರವಾರ. ಲ್ಯಾಬಿನ ಕಪಾಟಿನ ಮೇಲೆ ಒಂದು ಹಳೇ ರೇಡಿಯೋ ಇತ್ತು, ಆಂಟೆನಾಕ್ಕೆ ಪ್ಲಾಸ್ಟರ್ ಸುತ್ತಿದ್ರು. ಬೆಳಿಗ್ಗೆ ಹಾಡು ನಿಂತು ಸ್ಪ್ಯಾನಿಶ್ ಸಂಗೀತ ಶುರು ಆಯ್ತು. ಒಬ್ರು ಹೋಗಿ ಸ್ಟೇಷನ್ ಸರಿದಿದೆ ಅಂತ ಗುಂಡಿ ತಿರುಗಿಸಿದ್ರು, ವಾಪಸ್ 95.5ಕ್ಕೆ ತಂದ್ರು, ಅದೇ ಬಂತು. ಯಾರೂ ಏನೂ ಮಾತಾಡ್ಲಿಲ್ಲ, ಆಮೇಲೆ ಅವರು ಅದನ್ನ ಆಫ್ ಮಾಡಿದ್ರು. ಅದೇ ವಾರ, ಸೋಮವಾರ 18ಕ್ಕೆ, ನಿಮ್ಮ ಕೆಕೆಎಸ್ಎಫ್ ಹೋಗಿದ್ದು ಅಂತ ಆಮೇಲೆ ಗೊತ್ತಾಯ್ತು. ಎರಡೂ ಕ್ಲಿಯರ್ ಚಾನೆಲ್ ಅನ್ನೋ ಒಂದೇ ಕಂಪನಿದು.

ಸ್ಪ್ಯಾನಿಶ್ ಕೇಳೋರಿಗೆ ಸ್ಟೇಷನ್ ಬೇಡ ಅಂತ ನಾನು ಹೇಳ್ತಿಲ್ಲ, ಅವರೂ ನಮ್ಮ ಥರ ಬಂದೋರೇ. ಆದ್ರೆ ಇಪ್ಪತ್ತೆರಡು ವರ್ಷ ಜೊತೆಗಿದ್ದ ಕೇಳುಗರಿಗೆ ಒಂದು ಸರಿಯಾದ ಬೀಳ್ಕೊಡುಗೆ ಕೊಡಬಹುದಿತ್ತು.

---

ಮೀಡಿಯಾಪ್ಲಾನರ್_ಸುಮಾ

ನಾಗರತ್ನಕ್ಕ, ಆ ಒಂದೇ ವಾರದಲ್ಲಿ ಎರಡು ಹೋಗಿದ್ದು ಆಕಸ್ಮಿಕ ಅಲ್ಲ. 1996ರ ಟೆಲಿಕಾಂ ಕಾಯ್ದೆ ಆದ್ಮೇಲೆ ದೇಶದಾದ್ಯಂತ ಎಷ್ಟು ಸ್ಟೇಷನ್ ಬೇಕಾದ್ರೂ ಒಂದು ಕಂಪನಿ ಇಟ್ಕೋಬಹುದು, ದೊಡ್ಡ ಊರಲ್ಲಿ ಎಂಟು ತನಕ. ಕ್ಲಿಯರ್ ಚಾನೆಲ್ ಸಾವಿರದ ಮೇಲೆ ಸ್ಟೇಷನ್ ಕೊಂಡಿತ್ತು. 2008ರ ಜುಲೈನಲ್ಲಿ ಅದನ್ನ ಖಾಸಗಿ ಈಕ್ವಿಟಿಯೋರು ಕೊಂಡ್ರು, ಕೊಳ್ಳೋಕೆ ಎತ್ತಿದ ಸಾಲ ಕಂಪನಿ ತಲೆ ಮೇಲೇ ಬಿತ್ತು, ಎರಡು ತಿಂಗಳಿಗೆ ಮಾರುಕಟ್ಟೆ ಕುಸೀತು. ಕಾರು, ಬ್ಯಾಂಕು, ಮನೆ ಸಾಲ ಇವೇ ಸ್ಮೂತ್ ಜಾಝ್‌ಗೆ ಜಾಹೀರಾತು ಕೊಡೋರು, ಆ ವರ್ಷ ಬಿದ್ದಿದ್ದೂ ಅವೇ. 2009ರ ಜನವರಿಯಲ್ಲಿ ಕಂಪನಿ ಸುಮಾರು 1,850 ಜನರನ್ನ ಕೆಲಸದಿಂದ ತೆಗೀತು. ಅಂಥ ಹೊತ್ತಲ್ಲಿ ಒಂದೂರಲ್ಲಿ ಆರೇಳು ಸ್ಟೇಷನ್ ಇಟ್ಕೊಂಡೋರು ಮೀಟರಲ್ಲಿ ಕೆಳಗಿರೋದನ್ನ ಮೊದ್ಲು ಬದಲಾಯಿಸ್ತಾರೆ. ಒಬ್ಬನೇ ಓನರ್, ಒಂದೇ ಸ್ಟೇಷನ್ ಅನ್ನೋ ಕಾಲ ಆಗಿದ್ರೆ ಅವನು ಹಟ ಹಿಡಿದು ನಡೆಸ್ತಿದ್ದ ಅನ್ಸುತ್ತೆ ನನಗೆ.

ಧಾರವಾಡದ ಸರ್ ಹೇಳಿದ್ದನ್ನ ನಾನು ಪೂರ್ತಿ ಒಪ್ತೀನಿ, ಒಂದು ಮಾತು ಸೇರಿಸ್ತೀನಿ ಅಷ್ಟೇ. ಆ ಗುಂಡಿ ಪರೀಕ್ಷೆ ಮತ್ತೆ ಡೈರಿ ಒಂದಕ್ಕೊಂದು ಹೊಂದ್ತಿದ್ವು. ಯಾರೂ ಸ್ಟೇಷನ್ ಬದಲಾಯಿಸಬಾರದು, ರೇಡಿಯೋ ಹಾಕಿದ್ದೇ ಮರೀಬೇಕು, ಹಂಗೆ ಪ್ಲೇಲಿಸ್ಟ್ ಮಾಡಿದ್ರು. ಡೈರಿಯಲ್ಲಿ ಅದು ಎಂಟು ಗಂಟೆ. ಮೀಟರು ಬಂದ್ಮೇಲೆ, ಮರೆತು ಹೋಗೋ ಹಾಗೆ ಮಾಡಿದ ಸಂಗೀತಾನ ಯಾರೂ ಜೋರಾಗಿ ಇಡ್ತಿರ್ಲಿಲ್ಲ, ಹಾಗಾಗಿ ಅದು ಮೀಟರಿಗೆ ಸಿಗ್ಲಿಲ್ಲ.

---

ಕದ್ರಿಬದಿ_ಶೆಟ್ರು

ಮಾರಾಯ್ರೆ, ಒಳ್ಳೆ ಚರ್ಚೆ ಉಂಟು ಇಲ್ಲಿ, ಬೆಳಿಗ್ಗೆಯಿಂದ ಓದ್ತಾ ಇದ್ದೇನೆ. ನಾನು ಅಮೇರಿಕಾ ಕಂಡವನಲ್ಲ. ನಮ್ಮಲ್ಲಿ ಸ್ಯಾಕ್ಸಫೋನ್ ಅಂದ್ರೆ ದೇವಸ್ಥಾನದ ಜಾತ್ರೆ, ಮದುವೆ ದಿಬ್ಬಣ. ಕದ್ರಿ ಗೋಪಾಲನಾಥರು ಸಣ್ಣವರಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಹಿಡಿದದ್ದು, ಮತ್ತೆ ವರ್ಷಗಟ್ಟಲೆ ಕೂತು ಗಮಕ ಬರುವ ಹಾಗೆ ಮಾಡಿದ್ದು. ಜಾಝ್‌ನವರ ಜೊತೆಗೂ ಬಾರಿಸಿದ್ದಾರೆ, ಅಮೇರಿಕಾದ ಜಾಝ್ ಸ್ಯಾಕ್ಸಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 2008ರಲ್ಲಿ ಒಂದು ಆಲ್ಬಮ್ಮೇ ಬಂತು, ಅದೇ ಸ್ಯಾಕ್ಸಫೋನು, ಆದರೆ ಅದರಲ್ಲಿ ಬೆಂಕಿ ಉಂಟು. ಹಾಗಾಗಿ ಸ್ಯಾಕ್ಸಫೋನ್ ಅಂದ್ರೆ ಲಿಫ್ಟಿನ ಸಂಗೀತ ಅಂತ ಯಾರಾದ್ರೂ ಅಂದ್ರೆ ನನಗೆ ಬೇಜಾರಾಗ್ತದೆ.

ನನ್ನ ಪ್ರಶ್ನೆ ಒಂದೇ. ಸ್ಟೇಷನ್ ಹೋಯ್ತು ಸರಿ, ಬಾರಿಸುವವರು ಏನಾದರು? ಅವರ ಹೊಟ್ಟೆಪಾಡು?

---

ಧಾರವಾಡದಾಂವ

ಶೆಟ್ರ, ಭಾಳ ಮಂದಿಗೆ ತ್ರಾಸ ಆತ್ರಿ. ಹೊಸಾ ಹಾಡು ಮಂದಿ ಕಿವಿಗೆ ಬೀಳೂ ದಾರೀನ ರೇಡಿಯೋ ಇತ್ತು, ಅದು ಮುಚ್ಚಿದ ಮ್ಯಾಲೆ ರೆಕಾರ್ಡ್ ಕಂಪನಿಯವ್ರು ಕಾಂಟ್ರ್ಯಾಕ್ಟ್ ಕಡಿಮಿ ಮಾಡಿದ್ರು. 2011ರಾಗ ಗ್ರ್ಯಾಮಿಯವ್ರು ಎಷ್ಟೋ ವಿಭಾಗ ಕೂಡಸಿದಾಗ ಕಂಟೆಂಪರರಿ ಜಾಝ್ ಆಲ್ಬಮ್ ಅನ್ನೂ ವಿಭಾಗನೂ ತಗದ್ರು. ಹೆಸರಾದವ್ರು ಹಡಗು ಹತ್ತಿದ್ರು, ಖರೇ ಹಡಗು, ಸ್ಯಾಕ್ಸಫೋನಿನ ಡೇವ್ ಕೋಝ್ ಅವರದು ಒಂದು ಕ್ರೂಸ್ ಐತಿ, ದಿನಗಟ್ಟಲೆ ಸಮುದ್ರದ ಮ್ಯಾಲೆ ಕಚೇರಿ, ಅಭಿಮಾನಿಗಳು ಸಾವಿರಾರು ಡಾಲರ್ ಕೊಟ್ಟು ಬರ್ತಾರ. ಸ್ಯಾಟಲೈಟ್ ರೇಡಿಯೋದಾಗ ವಾಟರ್‌ಕಲರ್ಸ್ ಅನ್ನೂ ಚಾನೆಲ್ ಐತಿ, ಇಂಟರ್ನೆಟ್ ಸ್ಟೇಷನ್ ಅಂತೂ ಬೇಕಾದಷ್ಟು. ಲಾಸ್ ಏಂಜಲಿಸಿನ ದಿ ವೇವ್ ಹೆಸರು ಉಳಿಸಿಕೊಂಡೈತಿ, 2010ರಿಂದ ಆಚೆಗೆ ವಾದ್ಯ ಸಂಗೀತ ಬಿಟ್ಟು ಹಾಡಿನ ಕಡೆ, ಆರ್ ಆಂಡ್ ಬಿ ಅನ್ನೂ ಕಪ್ಪು ಮಂದಿಯ ಜನಪ್ರಿಯ ಸಂಗೀತದ ಕಡೆ ಹೋತು.

ಕೇಳಬೇಕು ಅಂತ ಹುಡುಕಿ ಬರಾವ್ರಿಗೆ ಇವತ್ತೂ ಸಿಗತೈತಿ. ಹುಡುಕದ ಸಿಗೂದು ಹೋತು. ಸೇತುವಿ ಮ್ಯಾಲೆ ಹೋಗೂವಾಗ ಜಾಝ್ ಅಂದ್ರೇನು ಅಂತ ಗೊತ್ತಿಲ್ಲದಾಂವನ ಕಿವಿಗೆ ಬೀಳೂದು, ಅದು.

---

ಇಂದಿರಾನಗರ_ಪ್ರಕಾಶ್

ಈ ಮಾತಿಗೆ ವರ್ಲ್ಡ್‌ಸ್ಪೇಸ್ ಅನ್ನೋ ಸ್ಯಾಟಲೈಟ್ ರೇಡಿಯೋ ನೆನಪಾಯ್ತು. ಬೆಂಗಳೂರಲ್ಲಿ ಎಷ್ಟೋ ಮನೇಲಿ ಇತ್ತು, ಕಿಟಕಿಗೆ ಆ ಚಪ್ಪಟೆ ಆಂಟೆನಾ ಇಟ್ಟು ಆಕಾಶಕ್ಕೆ ತಿರುಗಿಸಿ ಸಿಗ್ನಲ್ ಹುಡುಕೋದು. ಕನ್ನಡಕ್ಕೆ ಸ್ಪರ್ಶ, ಕರ್ನಾಟಕ ಸಂಗೀತಕ್ಕೆ ಶ್ರುತಿ, ಜಾಝ್‌ಗೆ ರಿಫ್. ನಮ್ಮಪ್ಪ ಶ್ರುತಿ ಬಿಟ್ಟು ಬೇರೆ ಮುಟ್ಟೋರಲ್ಲ, ರಾತ್ರಿ ಅವರು ಮಲಗಿದ ಮೇಲೆ ನಾನು ರಿಫ್ ಹಾಕೋದು. ಅದರ ಅಮೇರಿಕಾದ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕ್ತು, 2009ರ ಡಿಸೆಂಬರ್ 31ಕ್ಕೆ ಇಲ್ಲಿ ಎಲ್ಲಾ ನಿಂತೋಯ್ತು. ಅಪ್ಪ ಇನ್ನೂ ನಾಲ್ಕು ದಿನ ಬೆಳಿಗ್ಗೆ ಎದ್ದು ಅದರ ಸ್ವಿಚ್ ಹಾಕಿ ನೋಡ್ತಿದ್ರು. ಸ್ಮೂತ್ ಜಾಝ್‌ದು ಬೇರೆ ಕತೆ, ಗೊತ್ತು, ಆದ್ರೆ ನಾಗರತ್ನ ಮೇಡಂ ಬರೆದ ಆ ರೇಡಿಯೋ ಗುಂಡಿ ಓದಿ ಅಪ್ಪ ಕಣ್ಣ ಮುಂದೆ ಬಂದ್ರು.

---

ಹಳೇ_ಫ್ರೀಮಾಂಟ್

ಎಲ್ರಿಗೂ ಧನ್ಯವಾದ, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಸುಮಾ ಅವ್ರೇ, ನಾನು ದಿನಾ ಕೇಳ್ತಿದ್ದೆ, ನಮ್ಮ ಮನೆಗೆ ಡೈರಿಯೂ ಬರ್ಲಿಲ್ಲ ಮೀಟರೂ ಬರ್ಲಿಲ್ಲ. ಬಂದಿದ್ರೆ ಒಂದು ನಿಮಿಷ ಬಿಡದೆ ಬರ್ದು ಕಳಿಸ್ತಿದ್ದೆ. ಧಾರವಾಡದ ಸರ್, ನೀವು ಹೇಳಿದ ಹಂಗೆ ಒಂದೇ ಹಾಡು ಮತ್ತೆ ಮತ್ತೆ ಬರ್ತಿತ್ತು ಅನ್ನೋದು ನಿಜ, ಆದ್ರೆ ನನಗೆ ಆಗ ಅದು ಬೇಸರ ಆಗ್ಲಿಲ್ಲ, ಹೊಸ ದೇಶದಲ್ಲಿ ನನಗೆ ಪರಿಚಯ ಇದ್ದಿದ್ದು ಅವು ನಾಲ್ಕೈದು ಹಾಡೇ.

ನಿನ್ನೆ ಬೀರುನಿಂದ ಆ ಸಿಡಿ ತೆಗೆದೆ. ಕವರಿನ ಮೂಲೆ ಗೆದ್ದಲು ಹಿಡಿದಿದೆ, ಒಳಗಿನ ತಟ್ಟೆ ಚೆನ್ನಾಗಿದೆ, ಹಿಂದುಗಡೆ ಕಲಾವಿದರ ಹೆಸರೆಲ್ಲ ಓದೋಕಾಗುತ್ತೆ. ಮನೇಲಿ ಸಿಡಿ ಹಾಕೋ ಯಂತ್ರ ಯಾವುದೂ ಉಳಿದಿಲ್ಲ, ತಮ್ಮನ ಹಳೇ ಕಾರಲ್ಲಿದೆ, ಭಾನುವಾರ ಅವನು ಬರ್ತಾನೆ.

---

ಕದ್ರಿಬದಿ_ಶೆಟ್ರು

ಸರ್, ಹಿಂದಿನ ಹೆಸರುಗಳ ಪಟ್ಟಿ ಒಮ್ಮೆ ಇಲ್ಲಿ ಟೈಪ್ ಮಾಡಿ ಹಾಕಿ ಆಯ್ತಾ, ಸ್ಯಾಕ್ಸಫೋನಿನವರು ಯಾರ್ಯಾರು ಇದ್ದಾರೆ ನೋಡುವ.

---

ಹಳೇ_ಫ್ರೀಮಾಂಟ್

ಖಂಡಿತ ಶೆಟ್ರೆ, ಭಾನುವಾರ ಕೇಳ್ತಾ ಕೇಳ್ತಾನೇ ಬರೀತೀನಿ.